ಕಟ್ಟುವುದೂ ಕಲಿಸುವುದೂ: ಬಾಲಕೃಷ್ಣ ದೋಶಿಯವರ ವಾಸ್ತುಕೃತಿಗಳ ವಿಮರ್ಶೆ

೧

ಕನ್ನಡದಲ್ಲಿ ವಾಸ್ತುಶಿಲ್ಪದ ವಿಚಾರವೆಂದರೆ ಬಹುಮಟ್ಟಿಗೆ ದೇವಾಲಯಗಳ ವಿಚಾರವೇ ಸರಿ. ಐಹೊಳೆ ಪಟ್ಟದಕಲ್ಲುಗಳ ಶಿಖರಗಳನ್ನೂ ಬೇಲೂರು ಹಳೇಬೀಡುಗಳ ಭಿತ್ತಿಗಳನ್ನೂ ಕುರಿತು ವಿದ್ವಾಂಸರು ಬರೆದಿರುವುದು ವಿಪುಲವಾಗಿದೆ. ಜನರು ದಿನವೂ ಹೊಕ್ಕು ಹೊರಡುವ ಹೊಸ ಕಟ್ಟಡಗಳನ್ನು ಕುರಿತು ಬರೆದಿರುವುದು ಅತ್ಯಲ್ಪ. ಕಾವ್ಯವನ್ನು ಪರೀಕ್ಷಿಸುವ ನಿಷ್ಠೆಯಿಂದ ಕಟ್ಟಡವೊಂದನ್ನು ಪರೀಕ್ಷಿಸುವ ವಾಡಿಕೆಯು ಬೆಳೆಯದೆ ಹೋದುದರಿಂದ, ಹೊಸ ಕಟ್ಟಡದ ಮಾತು ಬಂದಾಗ ಅದರ ವೆಚ್ಚವೆಷ್ಟು, ಎತ್ತರವೆಷ್ಟು ಎಂಬಲ್ಲಿಗೆ ಚರ್ಚೆಯು ಮುಗಿದುಹೋಗುತ್ತದೆ.

ಬಾಲಕೃಷ್ಣ ವಿಠಲದಾಸ ದೋಶಿಯವರು ೨೦೨೩ರ ಜನವರಿ ೨೪ರಂದು ಅಹಮದಾಬಾದಿನಲ್ಲಿ ತಮ್ಮ ೯೫ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಈ ಕೊರತೆಯು ಎದ್ದು ಕಂಡಿತು. ೨೦೧೮ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಅವರು. ೨೦೨೨ರಲ್ಲಿ ಬ್ರಿಟನ್ನಿನ ರಾಯಲ್ ಸುವರ್ಣಪದಕವೂ ಅವರಿಗೆ ಸಂದಿತ್ತು. ಹೀಗಾಗಿ ಶ್ರದ್ಧಾಂಜಲಿಗಳಿಗೆ ಬರವಿರಲಿಲ್ಲ. ಅವರು ದೊಡ್ಡ ವಾಸ್ತುಶಿಲ್ಪಿ, ಅವರು ದೊಡ್ಡ ಗುರು—ಎಂಬ ಎರಡು ಮಾತುಗಳು ಎಲ್ಲೆಡೆಯೂ ಕೇಳಿಬಂದವು. ಆದರೆ ಜಮಾಖರ್ಚಿನ ಪುಸ್ತಕದಲ್ಲಿ ಬೇರೆ ಬೇರೆ ಕಲಮುಗಳನ್ನು ಬರೆಯುವಂತೆ ಈ ಎರಡನ್ನೂ ಬಿಡಿಬಿಡಿಯಾಗಿ ಬರೆದು ಕೊನೆಯಲ್ಲಿ ಮೊತ್ತ ಹಾಕಿದವರೇ ಹೆಚ್ಚು. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವೇನು? ಅಧ್ಯಾಪನದಲ್ಲಿ ಕಳೆದ ವರ್ಷಗಳು ಕಟ್ಟುವ ಕೆಲಸದಿಂದ ಕಳೆದುಹೋದ ವರ್ಷಗಳೇ? ಅಥವಾ ಆ ಕಟ್ಟಡಗಳು ಹಾಗೆ ಆಗಿರುವುದಕ್ಕೆ ಅಧ್ಯಾಪನವೇ ಕಾರಣವೇ? ದೋಶಿಯವರ ಸಾಧನೆಯ ತೂಕವು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

೨

ದೋಶಿಯವರು ಹುಟ್ಟಿದ್ದು ೧೯೨೭ರ ಆಗಸ್ಟ್ ೨೬ರಂದು, ಪುಣೆಯಲ್ಲಿ. ಎರಡು ತಲೆಮಾರುಗಳಿಂದ ಮರದ ಪೀಠೋಪಕರಣಗಳ ಉದ್ಯಮದಲ್ಲಿದ್ದ ಕೂಡುಕುಟುಂಬ ಅವರದು. ಮರವನ್ನು ಅಳೆದು ಕೊಯ್ದು ಜೋಡಿಸುವ ಕೆಲಸವು ಕಣ್ಣೆದುರಿಗೇ ನಡೆಯುತ್ತಿದ್ದ ಮನೆಯಲ್ಲಿ ಬೆಳೆದ ಹುಡುಗನಿಗೆ, ವಸ್ತುವೊಂದು ಆಗುವುದನ್ನು ನೋಡುವುದೇ ಮೊದಲ ಪಾಠವಾಗಿದ್ದಿರಬೇಕು. ಸ್ವಾತಂತ್ರ್ಯವು ಬಂದ ೧೯೪೭ರಲ್ಲಿಯೇ ಅವರು ಮುಂಬಯಿಯ ಜೆ. ಜೆ. ಶಾಲೆಯನ್ನು ಸೇರಿದರು, ಬಳಿಕ ಲಂಡನ್ನಿಗೆ ಹೋಗಿ, ಅಲ್ಲಿಂದ ೧೯೫೧ರಲ್ಲಿ ಪ್ಯಾರಿಸಿನಲ್ಲಿದ್ದ ಲ ಕಾರ್ಬೂಸಿಯೇ ಅವರ ಕಾರ್ಯಾಗಾರವನ್ನು ಹೊಕ್ಕರು. ಮೊದಲ ಎಂಟು ತಿಂಗಳು ಸಂಬಳವಿರಲಿಲ್ಲ. ಫ್ರೆಂಚ್ ಭಾಷೆಯ ಪರಿಚಯವೂ ಸಾಲದಾಗಿತ್ತು. ಮಾತಿನ ಅಭಾವದಲ್ಲಿ ರೇಖೆಯೇ ಭಾಷೆಯಾಯಿತು. ೧೯೫೪ರಲ್ಲಿ ಅವರು ಭಾರತಕ್ಕೆ ಮರಳಿದ್ದು ಕಾರ್ಬೂಸಿಯೇ ಅವರ ಕೆಲಸಗಳ ಮೇಲ್ವಿಚಾರಣೆಗಾಗಿ. ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಭವನ, ಸಾರಾಭಾಯಿ ಮತ್ತು ಶೋಧನ್ ಮನೆಗಳು ಅವುಗಳಲ್ಲಿ ಮುಖ್ಯವಾದವು. ೧೯೫೬ರಲ್ಲಿ ಇಬ್ಬರು ಸಹಾಯಕರೊಡನೆ ‘ವಾಸ್ತುಶಿಲ್ಪ’ ಎಂಬ ತಮ್ಮದೇ ಕಚೇರಿಯನ್ನು ತೆರೆದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಾರ್ಬೂಸಿಯೇ ಅವರು ವಿಶ್ವವಿದ್ಯಾಲಯದ ಪೀಠವನ್ನೇರಿ ಪಾಠ ಹೇಳಿದವರಲ್ಲ. ಅವರ ಬಳಿ ಕಲಿತವರು ಕಲಿತದ್ದು ನಕ್ಷೆಯ ಮೇಜಿನ ಪಕ್ಕದಲ್ಲಿ ನಿಂತು, ಗುರುವಿನ ಕೈ ಓಡುವುದನ್ನು ನೋಡಿ. ಈ ಬಗೆಯ ಕಲಿಕೆಯಲ್ಲಿ ದೊಡ್ಡ ಗುಣವೊಂದಿದೆ, ದೊಡ್ಡ ದೋಷವೂ ಒಂದಿದೆ. ಕೈಗೆ ಬರುವ ವಿದ್ಯೆಯು ಗಟ್ಟಿಯಾಗಿರುತ್ತದೆಂಬುದು ಗುಣ. ಗುರುವಿನ ಉತ್ತರಗಳು ಶಿಷ್ಯನಿಗೆ ದೊರೆಯುತ್ತವೆ, ಆ ಉತ್ತರಗಳ ಹಿಂದಿನ ಪ್ರಶ್ನೆಗಳು ದೊರೆಯುವುದಿಲ್ಲವೆಂಬುದು ದೋಷ. ದೋಶಿಯವರ ಆರಂಭದ ಕಟ್ಟಡಗಳನ್ನು ನೋಡಿದವರಿಗೆ ಎರಡೂ ಕಾಣುತ್ತವೆ. ಒರಟು ಕಾಂಕ್ರೀಟು, ಬಿಸಿಲನ್ನು ತಡೆಯುವ ಆಳವಾದ ಚೌಕಟ್ಟುಗಳು, ಬೆಳಕಿನ ನಾಟಕೀಯ ಪ್ರವೇಶ—ಇವೆಲ್ಲ ಅಲ್ಲಿವೆ. ಅವುಗಳಲ್ಲಿ ಬಹುಭಾಗವು ಪ್ಯಾರಿಸಿನಿಂದ ತಂದ ಗಂಟು. ಶಿಷ್ಯನ ಕೈ ಪಳಗಿದೆ, ದನಿಯಿನ್ನೂ ಗುರುವಿನದೇ.

೩

ಆ ದನಿಯು ಬದಲಾದದ್ದು ಎಂದು? ೧೯೬೨ರಲ್ಲಿ, ಎಂದರೆ ತಪ್ಪಾಗದು. ಉದ್ಯಮಿ ಕಸ್ತೂರಭಾಯಿ ಲಾಲಭಾಯಿಯವರು ಮುಂದಾಳಾಗಿದ್ದ ಅಹಮದಾಬಾದ್ ಎಜುಕೇಶನ್ ಸೊಸೈಟಿಯ ಆಶ್ರಯದಲ್ಲಿ ಆ ವರ್ಷ ಅಲ್ಲಿ ವಾಸ್ತುಶಿಲ್ಪ ಶಾಲೆಯು ಆರಂಭವಾಯಿತು. ದೋಶಿಯವರು ಅದರ ಸ್ಥಾಪಕ ನಿರ್ದೇಶಕರಾಗಿ ಹತ್ತು ವರ್ಷ ದುಡಿದರು. ೧೯೭೨ರಲ್ಲಿ ನಗರಯೋಜನೆಯ ಶಾಲೆಯನ್ನೂ ಕಟ್ಟಿ ಬೆಳೆಸಿದರು. ಇವೇ ಮುಂದೆ ‘ಸೆಪ್ಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ ೨೦೦೫ರಲ್ಲಿ ವಿಶ್ವವಿದ್ಯಾಲಯವಾದವು.

ಕಚೇರಿಯಲ್ಲಿ ಕುಳಿತ ವಾಸ್ತುಶಿಲ್ಪಿಯು ತನ್ನ ನಿರ್ಧಾರಕ್ಕೆ ಕಾರಣ ಕೊಡಬೇಕಾಗಿಲ್ಲ. ಯಜಮಾನನು ಒಪ್ಪಿದರೆ ಸಾಕು. ತರಗತಿಯಲ್ಲಿ ಹಾಗಲ್ಲ. ಈ ಗೋಡೆಯು ಇಲ್ಲಿ ಏಕಿರಬೇಕು ಎಂದು ಹದಿನೆಂಟು ವರ್ಷದ ಹುಡುಗನು ಕೇಳಿದಾಗ, ‘ಕಾರ್ಬೂಸಿಯೇ ಹೀಗೆ ಮಾಡುತ್ತಿದ್ದರು’ ಎಂಬುದು ಉತ್ತರವಾಗಲಾರದು. ಹೊಸ ಶಾಲೆಯ ವಿದ್ಯಾರ್ಥಿಗಳು ಹಳೆಯ ಊರುಗಳ ಪೋಳಗಳನ್ನೂ ಹವೇಲಿಗಳನ್ನೂ ಅಳತೆಮಾಡಿ ನಕ್ಷೆ ಬರೆಯುವುದು ಅಭ್ಯಾಸಕ್ರಮದ ಭಾಗವಾಯಿತು. ಹೀಗೆ ಅಳೆಯುವವನಿಗೆ ಹೆಸರಿಲ್ಲದ ಕಟ್ಟುಗಾರರ ಜಾಣ್ಮೆ ತಿಳಿಯುತ್ತದೆ: ಬೀದಿಯ ಅಗಲವು ಬಿಸಿಲಿಗೆ ತಕ್ಕಂತಿದೆ, ಜಗಲಿಯ ಎತ್ತರವು ಮಾತಿಗೆ ತಕ್ಕಂತಿದೆ ಎಂಬುದು ಗೋಚರವಾಗುತ್ತದೆ. ವಿದ್ಯಾರ್ಥಿಗಳಿಗೆ ಗೋಚರವಾದದ್ದು ಗುರುವಿಗೂ ಆಯಿತು.

ಇದಕ್ಕೆ ಸಾಕ್ಷಿಯು ಶಾಲೆಯ ಕಟ್ಟಡವೇ. ೧೯೬೬ರಿಂದ ೧೯೬೮ರವರೆಗೆ ನಿರ್ಮಾಣವಾದ ಈ ಕಟ್ಟಡದಲ್ಲಿ ಸಮಾನಾಂತರವಾದ ಇಟ್ಟಿಗೆಯ ಗೋಡೆಗಳು, ಅವುಗಳ ಮೇಲೆ ಕಾಂಕ್ರೀಟಿನ ಹಾಸುಗಳು; ಉತ್ತರಕ್ಕೆ ಮುಖಮಾಡಿದ ಓರೆ ಗವಾಕ್ಷಗಳಿಂದ ನಕ್ಷೆಯ ಮೇಜುಗಳಿಗೆ ತಂಪಾದ ಬೆಳಕು. ಕೆಳಗಿನ ಅಂತಸ್ತು ಗಾಳಿಗೆ ತೆರೆದಿದೆ. ಮೆಟ್ಟಿಲುಗಳು ಏರಲಿಕ್ಕೂ ಆದಾವು, ಕುಳಿತು ಹರಟಲಿಕ್ಕೂ ಆದಾವು. ಒಂದು ಅಭ್ಯಾಸಶಾಲೆಯಿಂದ ಇನ್ನೊಂದನ್ನು ಕಾಣಬಹುದು. ಮೇಲಿನ ವರ್ಗದವರ ಕೆಲಸವನ್ನು ಕೆಳಗಿನ ವರ್ಗದವರು ಹಾದುಹೋಗುತ್ತಲೇ ನೋಡಬಹುದು. ಪಾಠವು ಕೊಠಡಿಯೊಳಗೆ ಮಾತ್ರ ನಡೆಯುತ್ತದೆಂಬ ನಂಬಿಕೆಯನ್ನು ಈ ಕಟ್ಟಡವು ಒಪ್ಪುವುದಿಲ್ಲ. ಇಲ್ಲಿ ಕಾರ್ಬೂಸಿಯೇ ಅವರ ಪ್ರಭಾವವು ಮಾಯವಾಗಿದೆಯೆಂದಲ್ಲ. ಅದು ಈಗ ವ್ಯಾಕರಣದಂತೆ ಒಳಗೆ ಸೇರಿಹೋಗಿದೆ, ಆಡುವ ಮಾತು ದೋಶಿಯವರದಾಗಿದೆ.

೪

ಇದೇ ೧೯೬೨ರಲ್ಲಿ ಇನ್ನೊಂದು ಘಟನೆ ನಡೆಯಿತು. ಅಹಮದಾಬಾದಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಕಟ್ಟಡಗಳಿಗಾಗಿ ಅಮೆರಿಕದ ಲೂಯಿ ಕಾನ್ ಅವರನ್ನು ಕರೆಸಬೇಕೆಂದು ದೋಶಿಯವರು ಸೂಚಿಸಿದರು. ತಾವು ಅವರ ಸಹಕಾರಿಯಾಗಿ ನಿಂತರು. ತನಗೇ ಒದಗಬಹುದಾದ ದೊಡ್ಡ ಕೆಲಸವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು ವೃತ್ತಿಯ ಲೆಕ್ಕದಲ್ಲಿ ನಷ್ಟ. ಊರಿನಲ್ಲಿ ಶಾಲೆಯೊಂದನ್ನು ಕಟ್ಟುತ್ತಿದ್ದವನ ಲೆಕ್ಕದಲ್ಲಿ ಅದು ಲಾಭ: ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪಠ್ಯವು ಇನ್ನಾವುದಿತ್ತು?

ಕಾನ್ ಅವರು ಮೊದಲು ಯೇಲ್ ವಿಶ್ವವಿದ್ಯಾಲಯದಲ್ಲಿ, ೧೯೫೭ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಕಟ್ಟುತ್ತಿದ್ದವರು. ೧೯೭೪ರ ಮಾರ್ಚಿಯಲ್ಲಿ ಅಹಮದಾಬಾದಿನಿಂದ ಹಿಂತಿರುಗುವ ದಾರಿಯಲ್ಲಿ, ನ್ಯೂಯಾರ್ಕಿನ ರೈಲುನಿಲ್ದಾಣದಲ್ಲಿ ಅವರು ಅಸುನೀಗುವವರೆಗೂ ಇವೆರಡೂ ಅವರಲ್ಲಿ ಬೇರ್ಪಡಲಿಲ್ಲ. ಹೀಗೆ ದೋಶಿಯವರಿಗೆ ಎರಡು ಪರಂಪರೆಗಳು ದೊರೆತವು. ಕಾರ್ಬೂಸಿಯೇ ಅವರಿಂದ ಬಂದದ್ದು ಕಾರ್ಯಾಗಾರದ ಪರಂಪರೆ. ಕಾನ್ ಅವರ ಸಹವಾಸದಿಂದ ಬಲಗೊಂಡದ್ದು ತರಗತಿಯ ಪರಂಪರೆ. ಮೊದಲನೆಯದು ‘ಹೇಗೆ’ ಎಂಬುದನ್ನು ಕಲಿಸಿತು. ಎರಡನೆಯದು ‘ಏಕೆ’ ಎಂದು ಕೇಳುವ ಧೈರ್ಯವನ್ನು ಕೊಟ್ಟಿತು. ಎರಡನ್ನೂ ಕೂಡಿಸಿದಾಗ ಹುಟ್ಟಿದ ಪ್ರಶ್ನೆಯು ಗುರುಗಳಿಬ್ಬರದೂ ಆಗಿರಲಿಲ್ಲ: ಕಟ್ಟಡವು ಎಲ್ಲಿಗೆ ಮುಗಿಯಬೇಕು? ವಾಸ್ತುಶಿಲ್ಪಿಯು ಎಷ್ಟನ್ನು ತಾನೇ ಮಾಡಬೇಕು, ಎಷ್ಟನ್ನು ಬಳಸುವವರಿಗೆ ಬಿಡಬೇಕು?

ಇದು ಅಧ್ಯಾಪಕನಿಗೆ ಸಹಜವಾದ ಪ್ರಶ್ನೆ. ಎಲ್ಲವನ್ನೂ ತಾನೇ ಹೇಳಿಬಿಡುವ ಗುರುವಿನ ಶಿಷ್ಯನು ಏನನ್ನೂ ಕಲಿಯಲಾರನೆಂಬುದು ಪಾಠ ಹೇಳಿದವರಿಗೆಲ್ಲ ಗೊತ್ತು.

೫

ಈ ಪ್ರಶ್ನೆಯ ಒಂದು ಉತ್ತರವು ಕರ್ನಾಟಕದ ನೆಲದಲ್ಲಿಯೇ ನಿಂತಿದೆ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಗಾಗಿ ಬನ್ನೇರುಘಟ್ಟ ರಸ್ತೆಯ ಸುಮಾರು ೧೦೦ ಎಕರೆಗಳ ನೆಲದಲ್ಲಿ ದೋಶಿಯವರು ೧೯೭೭ರಿಂದ ಯೋಜನೆಯನ್ನು ರೂಪಿಸಿದರು; ೧೯೭೩ರಲ್ಲಿ ಸ್ಥಾಪಿತವಾಗಿದ್ದ ಸಂಸ್ಥೆಯು ೧೯೮೩ರಲ್ಲಿ ಇಲ್ಲಿಗೆ ಬಂದಿತು; ಕಟ್ಟುವ ಕೆಲಸವು ಆಮೇಲೂ ಹಲವು ವರ್ಷ ಮುಂದುವರಿಯಿತು. ಅಹಮದಾಬಾದಿನಲ್ಲಿ ಕಾನ್ ಅವರು ಕಟ್ಟಿದ ಸಂಸ್ಥೆಯ ಸೋದರಸಂಸ್ಥೆಯಿದು. ಹೋಲಿಕೆಯು ಅನಿವಾರ್ಯ, ಹೋಲಿಕೆಯಿಂದ ಹೆದರಬೇಕಾದ ಕಾರಣವೂ ಇಲ್ಲ.

ಕಾನ್ ಅವರ ಇಟ್ಟಿಗೆಯ ಗೋಡೆಗಳಲ್ಲಿ ದೊಡ್ಡ ವೃತ್ತಗಳೂ ಕಮಾನುಗಳೂ ಇವೆ; ನೋಡುವವನು ದೂರದಲ್ಲಿ ನಿಂತು ಬೆರಗಾಗುತ್ತಾನೆ. ಬೆಂಗಳೂರಿನಲ್ಲಿ ಹಾಗೆ ದೂರ ನಿಂತು ನೋಡಲು ಮುಖ್ಯವಾದ ಮುಂಭಾಗವೇ ಇಲ್ಲ. ಇಲ್ಲಿನ ಪ್ರಧಾನ ವಸ್ತುವು ದಾರಿ. ಒರಟಾಗಿ ಕಡಿದ ಬೂದುಬಣ್ಣದ ಕಲ್ಲಿನ ಗೋಡೆಗಳ ನಡುವೆ ಸಾಗುವ ಮೊಗಸಾಲೆಗಳು ಒಂದೆಡೆ ಕಿರಿದಾಗಿ ಇನ್ನೊಂದೆಡೆ ಹಿರಿದಾಗಿ, ಕೆಲವೆಡೆ ಮೂರು ಅಂತಸ್ತುಗಳಷ್ಟು ಎತ್ತರವಾಗಿ ಅಂಗಳದಿಂದ ಅಂಗಳಕ್ಕೆ ಒಯ್ಯುತ್ತವೆ. ಅವುಗಳ ಮೇಲೆ ಒಮ್ಮೆ ಸೂರು, ಒಮ್ಮೆ ಬರಿಯ ತೊಲೆಗಳ ಚಪ್ಪರ, ಒಮ್ಮೆ ತೆರೆದ ಆಕಾಶ. ಬಳ್ಳಿಗಳು ತೊಲೆಗಳನ್ನೇರಿ ನೆರಳನ್ನು ಹೆಣೆದಿವೆ. ಹೊತ್ತು ಏರಿದಂತೆ ನೆಲದ ಮೇಲಿನ ಬೆಳಕಿನ ಪಟ್ಟೆಗಳು ಸರಿಯುತ್ತವೆ. ಪಾಠದ ಕೊಠಡಿಗಳು ಈ ದಾರಿಗಳಿಗೆ ಅಂಟಿಕೊಂಡಿವೆಯೇ ಹೊರತು ದಾರಿಗಳು ಕೊಠಡಿಗಳಿಗಾಗಿ ಇವೆಯೆಂದು ತೋರುವುದಿಲ್ಲ. ತರಗತಿ ಮುಗಿದ ಮೇಲೆ ನಡೆಯುವ ಮಾತುಕತೆಗೆ ತರಗತಿಯಷ್ಟೇ ಬೆಲೆಯುಂಟೆಂದು ಅರಿತ ಅಧ್ಯಾಪಕನ ತಳವಿನ್ಯಾಸವಿದು.

ಈ ಕಟ್ಟಡಕ್ಕೆ ಫತೇಪುರ ಸಿಕ್ರಿಯ ಅಂಗಳಗಳೂ ಮಧುರೆಯಂತಹ ದೇವಾಲಯ ನಗರಗಳೂ ಪ್ರೇರಣೆಯಾದವೆಂಬುದು ಪ್ರಸಿದ್ಧವಾದ ವಿವರಣೆ. ಅದು ಸುಳ್ಳಲ್ಲ. ಆದರೆ ಕನ್ನಡದ ಓದುಗನಿಗೆ ಹತ್ತಿರದ ನೆನಪುಗಳು ಬೇರೆ ಇವೆ. ಹಂಪೆಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳ ಸಾಲು, ಗುಡಿಯ ಪ್ರಾಕಾರದ ಕೈಸಾಲೆ, ಹಳೆಯ ಬೆಂಗಳೂರಿನ ಹಿತ್ತಿಲುಗಳಿಗೆ ಬೇಲಿಯಾಗಿದ್ದ ಕಲ್ಲುಚಪ್ಪಡಿ—ಇವುಗಳ ಬಂಧುತ್ವವನ್ನು ಆ ಗೋಡೆಗಳಲ್ಲಿ ಗುರುತಿಸುವುದು ಕಷ್ಟವಲ್ಲ. ಇವುಗಳಿಂದ ವಾಸ್ತುಶಿಲ್ಪಿಯು ಎರವಲು ಪಡೆದರೆಂದು ಹೇಳಬೇಕಾಗಿಲ್ಲ. ನೆಲದ ಕಲ್ಲನ್ನೂ ನೆಲದ ಹವೆಯನ್ನೂ ನಂಬಿ ಕಟ್ಟಿದವನ ಕೆಲಸವು ಆ ನೆಲದ ಹಿಂದಿನ ಕೆಲಸಗಳಿಗೆ ಸಹಜವಾಗಿಯೇ ನಂಟಾಗುತ್ತದೆ. ಅಹಮದಾಬಾದಿನ ಬೇಸಗೆಯಲ್ಲಿ ಇಷ್ಟು ತೆರೆದ ಮೊಗಸಾಲೆಯು ಸಲ್ಲದು; ಬೆಂಗಳೂರಿನ ಹವೆಯಲ್ಲಿ ಸಲ್ಲುತ್ತದೆ.

ಇನ್ನೊಂದು ಮಾತು. ಬಳ್ಳಿ ಹಬ್ಬಿ ಮರ ಬೆಳೆಯುವವರೆಗೆ ಈ ಕಟ್ಟಡವು ಅರ್ಧವೇ. ಮುಗಿದ ದಿನ ತೆಗೆದ ಛಾಯಾಚಿತ್ರಕ್ಕಾಗಿ ಕಟ್ಟುವವನು ಇಂತಹ ಯೋಜನೆಗೆ ಕೈಹಾಕುವುದಿಲ್ಲ. ಫಲವು ವರ್ಷಗಳ ತರುವಾಯ, ಇನ್ನೊಬ್ಬರಲ್ಲಿ ಕಾಣುತ್ತದೆಂಬ ತಾಳ್ಮೆಯು ಅಧ್ಯಾಪಕನ ತಾಳ್ಮೆ.

೬

ಬಿಟ್ಟುಕೊಡುವ ಈ ತತ್ತ್ವವು ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ಇಂದೂರಿನ ‘ಅರಣ್ಯ’ ಬಡಾವಣೆಯಲ್ಲಿ. ೧೯೭೮ರಲ್ಲಿ ದೋಶಿಯವರು ಸಂಶೋಧನೆಗೆಂದೇ ವಾಸ್ತುಶಿಲ್ಪ ಪ್ರತಿಷ್ಠಾನವನ್ನು ಸ್ಥಾಪಿಸಿದ್ದರು. ಈ ಪ್ರತಿಷ್ಠಾನವೂ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾಲಯವೂ ಕೂಡಿ ಇಂದೂರಿನ ಕೊಳೆಗೇರಿಗಳನ್ನು ಅಳೆದು ಅಧ್ಯಯನ ಮಾಡಿ ೧೯೮೪ರಲ್ಲಿ ವರದಿಯನ್ನು ಪ್ರಕಟಿಸಿದವು. ಬಡವರು ತಾವೇ ಕಟ್ಟಿಕೊಂಡ ಬೀದಿಗಳಲ್ಲಿ ಮರದಡಿಯ ಕಟ್ಟೆಯೆಲ್ಲಿ, ಅಂಗಡಿಯೆಲ್ಲಿ, ಮನೆಯ ಮುಂದಿನ ಜಗಲಿಯಲ್ಲಿ ಯಾವ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ವಿದ್ವಾಂಸರು ಶಿಷ್ಯರಂತೆ ನಿಂತು ಕಲಿತರು. ಪೋಳಗಳನ್ನು ಅಳೆಯುವ ಶಾಲೆಯ ಅಭ್ಯಾಸವೇ ಇಲ್ಲಿ ಕೊಳೆಗೇರಿಯವರೆಗೆ ನಡೆದುಬಂದಿತೆನ್ನಬಹುದು.

ಇಂದೂರು ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ರೂಪಿಸಿದ ಬಡಾವಣೆಯು ಸುಮಾರು ೮೫ ಹೆಕ್ಟೇರುಗಳದು. ಮನೆಗಳು ಸುಮಾರು ೬,೫೦೦. ಇವುಗಳಲ್ಲಿ ೧೦೦ಕ್ಕೆ ೬೫ರಷ್ಟು ಕಡುಬಡವರಿಗಾಗಿ ಮೀಸಲು. ಅತಿ ಚಿಕ್ಕ ನಿವೇಶನವು ೩೫ ಚದರ ಮೀಟರುಗಳಷ್ಟು. ಹೆದ್ದಾರಿಯ ಬದಿಯ ದೊಡ್ಡ ನಿವೇಶನಗಳನ್ನು ಉಳ್ಳವರಿಗೆ ಮಾರಿ ಬಂದ ಹಣವು ಬಡವರ ನಿವೇಶನಗಳ ಬೆಲೆಯನ್ನು ತಗ್ಗಿಸಿತು. ಬಡವನಿಗೆ ದೊರೆತದ್ದು ಪೂರ್ಣವಾದ ಮನೆಯಲ್ಲ. ತಳಪಾಯ, ನಲ್ಲಿ, ಶೌಚಾಲಯ, ಹೆಚ್ಚೆಂದರೆ ಒಂದು ಕೋಣೆ. ಉಳಿದದ್ದನ್ನು ಅವನು ಕೈಯಲ್ಲಿ ಹಣ ಕೂಡಿದಂತೆ ಕಟ್ಟಿಕೊಳ್ಳಬೇಕು. ಹೇಗೆ ಕಟ್ಟಬಹುದೆಂದು ತೋರಿಸಲು ೮೦ ಮಾದರಿ ಮನೆಗಳನ್ನು ಮಾತ್ರ ದೋಶಿಯವರು ಕಟ್ಟಿಸಿದರು. ಮಾದರಿಯನ್ನು ತೋರಿಸಿ ಹಿಂದೆ ಸರಿಯುವುದು, ಇದು ಪಾಠದ ಕ್ರಮವೇ. ೧೯೯೫ರಲ್ಲಿ ಇದಕ್ಕೆ ಆಗಾ ಖಾನ್ ಪ್ರಶಸ್ತಿಯು ಬಂದಿತು.

ಫಲವೇನಾಯಿತು? ಮಾದರಿ ಮನೆಗಳ ರೂಪಗಳು ಬಹುವಾಗಿ ಬದಲಾದವು. ಕೆಲವು ನಿವೇಶನಗಳು ಕೈಬದಲಾಗಿ ಉಳ್ಳವರ ಪಾಲಾದವು. ಅಂತಸ್ತುಗಳ ಮೇಲೆ ಅಂತಸ್ತುಗಳೆದ್ದವು. ಇವೆರಡನ್ನೂ ಒಂದೇ ಬಗೆಯ ಬದಲಾವಣೆಯೆಂದು ಎಣಿಸಬಾರದು. ಮನೆಯವನು ತನ್ನ ಮನೆಯನ್ನು ತನಗೆ ಬೇಕಾದಂತೆ ಬದಲಿಸಿಕೊಂಡರೆ ಅದು ಯೋಜನೆಯ ಸಫಲತೆ. ಬಡವನು ತನ್ನ ನೆಲವನ್ನು ಮಾರಿ ಹೊರಟುಹೋದರೆ ಆ ಸೋಲಿಗೆ ನಕ್ಷೆಯಲ್ಲಿ ಮದ್ದಿಲ್ಲ. ಜಗಲಿಯನ್ನು ವಾಸ್ತುಶಿಲ್ಪಿಯು ಕಟ್ಟಿಕೊಡಬಲ್ಲ. ಅದರ ಮೇಲೆ ಕುಳಿತವನನ್ನು ಅಲ್ಲಿಯೇ ಉಳಿಸಿಕೊಳ್ಳುವ ಶಕ್ತಿಯು ಅವನಿಗಿಲ್ಲ. ‘ಅರಣ್ಯ’ವನ್ನು ಕೊಂಡಾಡುವವರು ಈ ಮಿತಿಯನ್ನೂ ಹೇಳುವುದು ನ್ಯಾಯ.

೭

ಮಿತಿಗಳು ಇನ್ನೂ ಇವೆ. ದೋಶಿಯವರೊಳಗಿನ ಅಧ್ಯಾಪಕನು ಹಿಂದೆ ಸರಿದು, ಪ್ರತಿಮೆ ಕಡೆಯುವ ಶಿಲ್ಪಿಯೊಬ್ಬನೇ ಮುಂದೆ ಬಂದ ಕಡೆಗಳಲ್ಲಿ ಕೆಲಸವು ಅಷ್ಟಾಗಿ ಫಲಿಸಿಲ್ಲ. ಅಹಮದಾಬಾದಿನ ಭದ್ರ ಕೋಟೆಯ ಬಳಿಯ ಪ್ರೇಮಾಭಾಯಿ ಸಭಾಭವನವು ಕಾಂಕ್ರೀಟಿನ ಬಲವಾದ ಕೃತಿ; ಆದರೆ ಅದರ ಆಕಾರವು ಜನರಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಅದು ಬಹುಕಾಲ ಮುಚ್ಚಿದ್ದಿತು. ಮುಚ್ಚಿದ್ದಕ್ಕೆ ವಾಸ್ತುಶಿಲ್ಪಿಯನ್ನು ಹೊಣೆಮಾಡುವುದು ಸರಿಯಲ್ಲ. ಆದರೂ ಅದೇ ಊರಿನಲ್ಲಿ ೧೯೭೩ರಲ್ಲಿ ಜೀವವಿಮಾ ನಿಗಮಕ್ಕಾಗಿ ಅವರು ಕಟ್ಟಿದ ಮನೆಗಳನ್ನು ನಿವಾಸಿಗಳು ವರ್ಷವರ್ಷವೂ ಬೆಳೆಸಿ, ಮಾರ್ಪಡಿಸಿ ಬದುಕಿಸಿಕೊಂಡುದನ್ನು ಇದರೊಡನೆ ಇಟ್ಟು ನೋಡಿದರೆ ಭೇದವು ತಿಳಿಯುತ್ತದೆ. ಒಂದು ನೋಡಿಸಿಕೊಳ್ಳುವ ಕಟ್ಟಡ. ಇನ್ನೊಂದು ಬಳಸಿಕೊಳ್ಳಲು ಬಿಡುವ ಕಟ್ಟಡ.

ಬೆಂಗಳೂರಿನ ಕೃತಿಯೂ ದೋಷಮುಕ್ತವಲ್ಲ. ಮಳೆಗಾಲದಲ್ಲಿ ತೆರೆದ ಚಪ್ಪರದ ಕೆಳಗೆ ನಡೆಯುವವನು ನೆನೆಯದಿರಲಾರ. ಅದಕ್ಕಿಂತ ಗಂಭೀರವಾದದ್ದು ಬೇರೊಂದು: ಒಳಗಿನ ದಾರಿಗಳು ಎಷ್ಟು ಉದಾರವಾಗಿವೆಯೋ ಹೊರಗಿನ ಆವರಣದ ಗೋಡೆಯು ಅಷ್ಟೇ ಬಿಗಿಯಾಗಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ನಡೆದುಹೋಗುವ ಬೆಂಗಳೂರಿಗನಿಗೆ ಆ ಮೊಗಸಾಲೆಗಳು ಕಾಣುವುದಿಲ್ಲ. ಗೇಟಿನ ಬಳಿ ನಿಂತುಹೋಗುವ ಔದಾರ್ಯವು ಅಪೂರ್ಣ. ಇದು ಸಂಸ್ಥೆಯ ನಿರ್ಧಾರವೇ ಇರಬಹುದು. ಅಂತಹ ನಿರ್ಧಾರವನ್ನು ಕಟ್ಟಡವು ಎಲ್ಲಿಯೂ ಪ್ರಶ್ನಿಸುವುದಿಲ್ಲವೆಂಬುದೂ ನಿಜ.

ಅಧ್ಯಾಪನದಿಂದಲೇ ಬಂದ ದೋಷವೂ ಒಂದಿದೆ. ಮಾತು ಬಲ್ಲ ವಾಸ್ತುಶಿಲ್ಪಿಯು ತನ್ನ ಕೃತಿಗೆ ತಾನೇ ಭಾಷ್ಯಕಾರನಾಗುತ್ತಾನೆ. ದೋಶಿಯವರ ಉಪನ್ಯಾಸಗಳಲ್ಲಿ ಕಥೆ, ಕನಸು, ಪುರಾಣ, ದೃಷ್ಟಾಂತಗಳು ಹೇರಳವಾಗಿದ್ದವು. ಕೇಳಿದವರು ಮುಗ್ಧರಾಗಿ, ಕಟ್ಟಡವನ್ನು ನೋಡುವ ಬದಲು ಕಥೆಯನ್ನು ನೆನೆಯತೊಡಗಿದರು. ೧೯೯೦ರ ದಶಕದಲ್ಲಿ ಚಿತ್ರಕಾರ ಹುಸೇನರಿಗಾಗಿ ನಿರ್ಮಿಸಿದ ನೆಲದಡಿಯ ‘ಗುಫಾ’ದ ವಿಚಾರದಲ್ಲಿ ಇದು ಸ್ಪಷ್ಟ. ಅದರ ಕನಸಿನ ಕಥೆಯು ಎಲ್ಲರಿಗೂ ಗೊತ್ತು. ಬಾಗಿದ ಗೋಡೆಗಳ ನಡುವೆ ಚಿತ್ರಗಳನ್ನು ತೂಗುಹಾಕುವುದು ಹೇಗೆಂದು ಕೇಳಿದವರು ಕೆಲವರೇ. ಗುರುವಿನ ಮಾತು ವಿಮರ್ಶೆಗೆ ಬಾಗಿಲು ತೆರೆಯಬೇಕು; ಇಲ್ಲಿ ಅದು ಹಲವು ಸಲ ಬಾಗಿಲಿಗೆ ಅಡ್ಡ ನಿಂತಿತು.

೮

ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಬಹಳ. ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ದೋಶಿಯವರ ಶ್ರೇಷ್ಠ ಕೃತಿಗಳಾದ ಅಹಮದಾಬಾದಿನ ಶಾಲೆ, ಬೆಂಗಳೂರಿನ ಸಂಸ್ಥೆ, ಇಂದೂರಿನ ಬಡಾವಣೆಗಳಲ್ಲಿ ಕಲಿಸುವವನೂ ಕಟ್ಟುವವನೂ ಒಬ್ಬನೇ ಆಗಿದ್ದಾನೆ. ತರಗತಿಯಲ್ಲಿ ಕಳೆದ ವರ್ಷಗಳು ಕಟ್ಟಡಗಳ ಸಂಖ್ಯೆಯನ್ನು ಕುಗ್ಗಿಸಿದ್ದರೂ ಕುಗ್ಗಿಸಿರಬಹುದು. ಯಾವುದನ್ನು ಕಟ್ಟದೆ ಬಿಡಬೇಕೆಂಬ ವಿವೇಕವನ್ನು ಕೊಟ್ಟದ್ದು ಆ ವರ್ಷಗಳೇ. ವೃತ್ತಿಯವರು ಸೆಮಿಸ್ಟರಿಗೆ ಒಂದು ಸಲ ಜ್ಯೂರಿಗೆ ಬಂದು ಅಂಕ ಕೊಟ್ಟುಹೋಗುವುದು, ಅಧ್ಯಾಪಕರು ಇಟ್ಟಿಗೆಯನ್ನು ಮುಟ್ಟದೆಯೇ ನಿವೃತ್ತರಾಗುವುದು—ಈ ಬಗೆಯ ಶಾಲೆಗಳು ದೇಶದಲ್ಲಿ ಹೆಚ್ಚಿರುವಾಗ ಈ ನಿದರ್ಶನಕ್ಕೆ ಬೆಲೆಯುಂಟು.

ಹೊರನಾಡಿನ ಕನ್ನಡಿಗರಿಗೂ ಇದರಲ್ಲಿ ಗ್ರಾಹ್ಯವಾದುದಿದೆ. ಸಂಘಗಳು ಊರೂರುಗಳಲ್ಲಿ ವಂತಿಗೆ ಕೂಡಿಸಿ ಭವನಗಳನ್ನು ಕಟ್ಟುತ್ತ ಬಂದಿವೆ. ಅವುಗಳ ನಕ್ಷೆಯಲ್ಲಿ ಮೊದಲು ಬರುವುದು ರಂಗಸ್ಥಳ, ಆಮೇಲೆ ಕುರ್ಚಿಗಳ ಸಾಲು, ಆಮೇಲೆ ದಾನಿಗಳ ಹೆಸರಿನ ಕಲ್ಲು. ಭಾಷಣ ಮುಗಿದ ಮೇಲೆ ಜನರು ನಿಂತು ಮಾತಾಡಲು ಒಂದು ಜಗಲಿ, ಮಕ್ಕಳು ಹಿರಿಯರ ಮಾತನ್ನು ಕಿವಿಗೆ ಹಾಕಿಕೊಳ್ಳಲು ಒಂದು ಮೆಟ್ಟಿಲು—ಇವುಗಳಿಗೆ ಸ್ಥಳವಿರುವುದಿಲ್ಲ. ಕನ್ನಡವು ಮುಂದಿನ ತಲೆಮಾರಿಗೆ ದಾಟುವುದು ವೇದಿಕೆಯ ಮೇಲಿಂದ ಎಷ್ಟೋ, ಇಂತಹ ಜಗಲಿಗಳ ಮೇಲಿಂದಲೂ ಅಷ್ಟೇ. ಮುಂದಿನ ಭವನದ ನಕ್ಷೆಯು ಮೇಜಿನ ಮೇಲೆ ಬಂದಾಗ ಕಾರ್ಯಕಾರಿ ಸಮಿತಿಯವರು ವೆಚ್ಚವನ್ನು ಕೇಳುವ ಮೊದಲು, ಸಭೆ ಮುಗಿದ ಮೇಲೆ ಜನರು ಎಲ್ಲಿ ನಿಲ್ಲುತ್ತಾರೆಂದು ಕೇಳುವುದು ಒಳ್ಳೆಯದು.